ಸುವಾಸಿತ ಮೇಣದಬತ್ತಿಗಳಿಗೆ ಐರೋಪ್ಯ ಒಕ್ಕೂಟದ ರಾಸಾಯನಿಕ ಸುರಕ್ಷತಾ ನಿಯಮಗಳು: ಸುಗಂಧ ತೈಲ ಬೆಳೆಗಾರರು ಹಾಗೂ ಕಿರು ಉದ್ದಿಮೆಗಳಿಗೆ ಮಾರ್ಗದರ್ಶಿ

ಪೀಠಿಕೆ

ಮಜ್ಜಿಗೆಹುಲ್ಲು (ನಿಂಬೆಹುಲ್ಲು), ಪಾಮರೋಸಾ, ಸಿಟ್ರೊನೆಲ್ಲಾ, ಪಚೋಲಿ, ಲಾವಂಚ, ದವನ ಮುಂತಾದ ಸುಗಂಧ ಬೆಳೆಗಳನ್ನು ಬೆಳೆದು ತೈಲ ತೆಗೆಯುವ ರೈತರು ಇಂದು ತೈಲವನ್ನು ಡ್ರಮ್ಮಿನಲ್ಲಿ ತುಂಬಿ ಮಾರುವುದಕ್ಕಷ್ಟೇ ಸೀಮಿತರಾಗಿಲ್ಲ. ರೈತ ಉತ್ಪಾದಕರ ಸಂಸ್ಥೆಗಳು ಮತ್ತು ಮಹಿಳಾ ಸ್ವಸಹಾಯ ಸಂಘಗಳು ಇದೇ ತೈಲ ಹಾಗೂ ಜೇನುಮೇಣದಿಂದ ಸುವಾಸಿತ ಮೇಣದಬತ್ತಿಗಳನ್ನು ತಯಾರಿಸಿ ಮಾರಾಟ ಮಾಡುವತ್ತ ಒಲವು ತೋರುತ್ತಿವೆ. ಸ್ಥಳೀಯ ಮಾರುಕಟ್ಟೆಯಲ್ಲಿ ಇಂತಹ ಉತ್ಪನ್ನದ ಮಾರಾಟಕ್ಕೆ ಹೆಚ್ಚಿನ ತೊಡಕುಗಳಿಲ್ಲ. ಆದರೆ ಐರೋಪ್ಯ ಒಕ್ಕೂಟದ ಖರೀದಿದಾರರು ಮುಂದೆ ಬಂದಾಗ ಅವರು ಮೊದಲು ಕೇಳುವುದು ಬೆಲೆಯನ್ನಲ್ಲ, ಕಾಗದಪತ್ರಗಳನ್ನು. ಸುರಕ್ಷತಾ ದತ್ತಾಂಶ ಪತ್ರ, ತೈಲದ ಘಟಕ ವಿಶ್ಲೇಷಣೆ ಮತ್ತು ಸರಿಯಾದ ಲೇಬಲ್ ಇಲ್ಲದ ಸರಕನ್ನು ಆಮದುದಾರರು ಸ್ವೀಕರಿಸುವುದಿಲ್ಲ. ಕಳುಹಿಸಿದ ಮೇಲೆ ಬಂದರಿನಲ್ಲಿ ತಡೆಯಲ್ಪಟ್ಟ ಸರಕಿನ ನಷ್ಟವು ಸಣ್ಣ ಸಂಘವೊಂದರ ಇಡೀ ವರ್ಷದ ದುಡಿಮೆಯನ್ನು ನುಂಗಬಲ್ಲದು.

ಈ ಲೇಖನದಲ್ಲಿ ಸುವಾಸಿತ ಮೇಣದಬತ್ತಿಗೆ ಅನ್ವಯವಾಗುವ ಐರೋಪ್ಯ ರಾಸಾಯನಿಕ ನಿಯಮಗಳು, ಅವುಗಳ ಹಿಂದಿನ ಲೆಕ್ಕಾಚಾರ ಮತ್ತು ಬೆಳೆಗಾರರು ತಮ್ಮ ಹಂತದಲ್ಲಿ ಕೈಗೊಳ್ಳಬೇಕಾದ ಕ್ರಮಗಳನ್ನು ವಿವರಿಸಲಾಗಿದೆ.

ನೈಸರ್ಗಿಕ ತೈಲವೂ ರಾಸಾಯನಿಕವೇ

"ನಮ್ಮದು ಗಿಡದಿಂದ ತೆಗೆದ ಶುದ್ಧ ತೈಲ, ಇದರಲ್ಲಿ ರಾಸಾಯನಿಕವಿಲ್ಲ" ಎಂಬ ಮಾತು ರೈತರಲ್ಲಿ ಸಾಮಾನ್ಯ. ನಿಯಮಗಳ ದೃಷ್ಟಿಯಲ್ಲಿ ಈ ಮಾತಿಗೆ ಬೆಲೆಯಿಲ್ಲ. ಮಜ್ಜಿಗೆಹುಲ್ಲಿನ ತೈಲದ ಪ್ರಧಾನ ಘಟಕ ಸಿಟ್ರಾಲ್. ಪಾಮರೋಸಾ ತೈಲದ್ದು ಜೆರಾನಿಯಾಲ್. ಲವಂಗದ ತೈಲದ್ದು ಯುಜಿನಾಲ್. ಕಿತ್ತಳೆ ಸಿಪ್ಪೆಯ ತೈಲದ್ದು ಲಿಮೊನೀನ್. ಈ ನಾಲ್ಕೂ ಚರ್ಮದ ಅಲರ್ಜಿ ಉಂಟುಮಾಡಬಲ್ಲ ವಸ್ತುಗಳೆಂದು ವರ್ಗೀಕರಿಸಲ್ಪಟ್ಟಿವೆ. ಲಿಮೊನೀನ್ ಇದರ ಜೊತೆಗೆ ಬೇಗ ಬೆಂಕಿ ಹಿಡಿಯುವ ದ್ರವ ಮತ್ತು ಜಲಚರಗಳಿಗೆ ಹಾನಿಕಾರಕ. ಇವು ಗಿಡದಿಂದ ಬಂದರೂ ಕಾರ್ಖಾನೆಯಿಂದ ಬಂದರೂ ಅಣುವೊಂದೇ, ಅಪಾಯವೂ ಒಂದೇ.

ಹೀಗೆಂದ ಮಾತ್ರಕ್ಕೆ ಇಂತಹ ತೈಲವನ್ನು ಬಳಸಬಾರದೆಂದಲ್ಲ. ಅಪಾಯವನ್ನು ಅಳೆದು, ಬಳಕೆದಾರನಿಗೆ ತಿಳಿಯುವಂತೆ ಬರೆದು ಮಾರಬೇಕೆಂಬುದು ನಿಯಮದ ತಿರುಳು.

ಪ್ರಮುಖ ಕಾನೂನುಗಳು

1. ವರ್ಗೀಕರಣ, ಲೇಬಲ್ ಮತ್ತು ಪ್ಯಾಕಿಂಗ್ ನಿಯಮ (ಸಿಎಲ್‌ಪಿ, ಸಂಖ್ಯೆ 1272/2008): ಇದು 2009ರ ಜನವರಿ 20ರಂದು ಜಾರಿಗೆ ಬಂದಿತು. ಮಿಶ್ರಣಗಳಿಗೆ 2015ರ ಜೂನ್ 1ರಿಂದ ಪೂರ್ಣವಾಗಿ ಅನ್ವಯವಾಗಿದೆ. ವಿಶ್ವಸಂಸ್ಥೆಯ ಜಾಗತಿಕ ಏಕರೂಪ ವರ್ಗೀಕರಣ ಪದ್ಧತಿಯೇ ಇದರ ಆಧಾರ. ಈ ನಿಯಮದ ಪ್ರಕಾರ ಮೇಣದಬತ್ತಿಯ ನೂಲಿನ ಬತ್ತಿಯು ಕೇವಲ ವಾಹಕ. ಮೇಣ ಮತ್ತು ಸುಗಂಧ ಸೇರಿದ ಭಾಗವು ರಾಸಾಯನಿಕ ಮಿಶ್ರಣ. ಆದ್ದರಿಂದ ಮೇಣದಬತ್ತಿಗೂ ಬಣ್ಣದ ಡಬ್ಬಿ ಅಥವಾ ಮಾರ್ಜಕದಂತೆಯೇ ಅಪಾಯದ ಲೇಬಲ್ ಅನ್ವಯವಾಗುತ್ತದೆ.

2. ರೀಚ್ ನಿಯಮ (ಸಂಖ್ಯೆ 1907/2006): ಇದು 2007ರ ಜೂನ್ 1ರಂದು ಜಾರಿಗೆ ಬಂದಿತು. ಯಾವುದೇ ವಸ್ತುವನ್ನು ವರ್ಷಕ್ಕೆ 1 ಟನ್ ಅಥವಾ ಅದಕ್ಕಿಂತ ಹೆಚ್ಚು ತಯಾರಿಸುವ ಇಲ್ಲವೇ ಆಮದು ಮಾಡಿಕೊಳ್ಳುವ ಪ್ರತಿ ಸಂಸ್ಥೆಯೂ ಆ ವಸ್ತುವನ್ನು ಐರೋಪ್ಯ ರಾಸಾಯನಿಕ ಸಂಸ್ಥೆಯಲ್ಲಿ ನೋಂದಾಯಿಸಬೇಕು. ಹಬೆ ಬಟ್ಟಿಯಿಂದ ತೆಗೆದ ತೈಲಗಳನ್ನು ನಿಸರ್ಗಸಹಜ ವಸ್ತುವೆಂದು ಪರಿಗಣಿಸಬಹುದಾದರೂ ಅಪಾಯಕಾರಿ ಎಂದು ವರ್ಗೀಕರಿಸಲ್ಪಟ್ಟ ತೈಲಕ್ಕೆ ನೋಂದಣಿಯಿಂದ ವಿನಾಯಿತಿ ದೊರೆಯದು. ಮಜ್ಜಿಗೆಹುಲ್ಲಿನ ತೈಲವು ಈ ಗುಂಪಿಗೆ ಸೇರುತ್ತದೆ.

ಒಕ್ಕೂಟದ ಹೊರಗಿನ ತಯಾರಕರು ನೇರವಾಗಿ ನೋಂದಾಯಿಸುವಂತಿಲ್ಲ. ಆಮದುದಾರರು ನೋಂದಾಯಿಸಬೇಕು, ಅಥವಾ ತಯಾರಕರು ಅಲ್ಲಿನ ಏಕೈಕ ಪ್ರತಿನಿಧಿಯೊಬ್ಬರನ್ನು ನೇಮಿಸಿಕೊಳ್ಳಬೇಕು. ಬತ್ತಿಯೊಳಗಿನ ತೈಲದ ತೂಕವೂ ಆಮದುದಾರರ ವಾರ್ಷಿಕ ಲೆಕ್ಕಕ್ಕೆ ಸೇರುತ್ತದೆಂಬುದನ್ನು ಗಮನಿಸಬೇಕು.

3. ಸಾಮಾನ್ಯ ಉತ್ಪನ್ನ ಸುರಕ್ಷತಾ ನಿಯಮ (ಸಂಖ್ಯೆ 2023/988): ಇದು 2024ರ ಡಿಸೆಂಬರ್ 13ರಿಂದ ಅನ್ವಯವಾಗಿದೆ. ಹೊರದೇಶದ ಉತ್ಪನ್ನಕ್ಕೆ ಒಕ್ಕೂಟದೊಳಗೆ ಜವಾಬ್ದಾರಿ ಹೊರುವ ವ್ಯಕ್ತಿ ಅಥವಾ ಸಂಸ್ಥೆಯೊಂದು ಇರಲೇಬೇಕು. ಅದರ ವಿಳಾಸವನ್ನು ಉತ್ಪನ್ನದ ಮೇಲೆ ಅಥವಾ ಪ್ಯಾಕಿಂಗ್ ಮೇಲೆ ನಮೂದಿಸಬೇಕು. ಅಂತರಜಾಲದ ಮೂಲಕ ನೇರವಾಗಿ ಗ್ರಾಹಕರಿಗೆ ಮಾರುವವರಿಗೂ ಇದು ಅನ್ವಯಿಸುತ್ತದೆ.

ಆಹಾರವೆಂದು ತಪ್ಪಾಗಿ ಭಾವಿಸಬಹುದಾದ ಉತ್ಪನ್ನಗಳ ಬಗ್ಗೆಯೂ ಈ ನಿಯಮ ಎಚ್ಚರ ವಹಿಸುತ್ತದೆ. ಲಡ್ಡು, ಹಣ್ಣು, ಕೇಕ್ ಆಕಾರದ ಸುವಾಸಿತ ಬತ್ತಿಗಳನ್ನು ಮಕ್ಕಳು ಬಾಯಿಗಿಟ್ಟುಕೊಳ್ಳುವ ಸಾಧ್ಯತೆಯಿರುವುದರಿಂದ ರಫ್ತಿಗೆ ಇಂತಹ ಅಚ್ಚುಗಳನ್ನು ಬಳಸದಿರುವುದು ಒಳಿತು.

ಅಪಾಯದ ಲೆಕ್ಕ ಹಾಕುವ ವಿಧಾನ

ಸುವಾಸಿತ ಬತ್ತಿಗಳಲ್ಲಿ ಸಾಮಾನ್ಯವಾಗಿ ಎರಡು ಅಪಾಯಗಳು ಎದುರಾಗುತ್ತವೆ: ಚರ್ಮದ ಅಲರ್ಜಿ ಮತ್ತು ಜಲಚರಗಳಿಗೆ ಹಾನಿ.

ಅ) ಚರ್ಮದ ಅಲರ್ಜಿ

ಈ ಅಪಾಯದ ಲೆಕ್ಕದಲ್ಲಿ ಘಟಕಗಳ ಪ್ರಮಾಣವನ್ನು ಒಟ್ಟುಗೂಡಿಸುವುದಿಲ್ಲ. ಪ್ರತಿ ಘಟಕವನ್ನು ಪ್ರತ್ಯೇಕವಾಗಿ ಮಿತಿಯೊಂದಿಗೆ ಹೋಲಿಸಲಾಗುತ್ತದೆ. ನಿರ್ದಿಷ್ಟ ವಸ್ತುವಿಗೆ ಬೇರೆ ಮಿತಿಯನ್ನು ನಿಗದಿಪಡಿಸದಿದ್ದಲ್ಲಿ ಕೆಳಗಿನ ಸಾಮಾನ್ಯ ಮಿತಿಗಳು ಅನ್ವಯವಾಗುತ್ತವೆ.

| ಘಟಕದ ವರ್ಗ | ಅಪಾಯದ ಚಿಹ್ನೆ ಮತ್ತು ಎಚ್ 317 ವಾಕ್ಯ ಕಡ್ಡಾಯ | ಇಯುಎಚ್ 208 ವಾಕ್ಯ ಮಾತ್ರ ಕಡ್ಡಾಯ |
|---|---|---|
| ವರ್ಗ 1 ಅಥವಾ 1ಬಿ | ಶೇ. 1 ಮತ್ತು ಮೇಲ್ಪಟ್ಟು | ಶೇ. 0.1ರಿಂದ ಶೇ. 1ರ ಒಳಗೆ |
| ವರ್ಗ 1ಎ (ಪ್ರಬಲ) | ಶೇ. 0.1 ಮತ್ತು ಮೇಲ್ಪಟ್ಟು | ಶೇ. 0.01ರಿಂದ ಶೇ. 0.1ರ ಒಳಗೆ |

ಎಚ್ 317 ಎಂದರೆ "ಚರ್ಮದ ಅಲರ್ಜಿ ಉಂಟುಮಾಡಬಹುದು" ಎಂಬ ವಾಕ್ಯ. ಇಯುಎಚ್ 208 ಎಂದರೆ "ಇಂತಹ ವಸ್ತುವನ್ನು ಒಳಗೊಂಡಿದೆ, ಅಲರ್ಜಿ ಪ್ರತಿಕ್ರಿಯೆ ಉಂಟಾಗಬಹುದು" ಎಂಬ ವಾಕ್ಯ, ಇದರಲ್ಲಿ ವಸ್ತುವಿನ ಹೆಸರನ್ನು ಬರೆಯಬೇಕು.

ಉದಾಹರಣೆ: ತೈಲದಲ್ಲಿ ಶೇ. 75 ಸಿಟ್ರಾಲ್ ಇದೆ ಎಂದಿಟ್ಟುಕೊಳ್ಳೋಣ. ಸಿಟ್ರಾಲ್ ವರ್ಗ 1ಕ್ಕೆ ಸೇರಿದೆ.

• ಮೇಣಕ್ಕೆ ಶೇ. 8ರಷ್ಟು ತೈಲ ಬೆರೆಸಿದರೆ ಸಿಟ್ರಾಲ್ ಪ್ರಮಾಣ 8 × 0.75 = ಶೇ. 6. ಇದು ಶೇ. 1ನ್ನು ಮೀರಿರುವುದರಿಂದ ಉದ್ಗಾರ ಚಿಹ್ನೆ, "ಎಚ್ಚರಿಕೆ" ಎಂಬ ಸಂಕೇತ ಪದ ಮತ್ತು ಎಚ್ 317 ವಾಕ್ಯ ಕಡ್ಡಾಯ.
• ಶೇ. 1ರಷ್ಟು ಬೆರೆಸಿದರೆ ಸಿಟ್ರಾಲ್ ಶೇ. 0.75. ಈ ಘಟಕದ ಮಟ್ಟಿಗೆ ಇಯುಎಚ್ 208 ವಾಕ್ಯ ಸಾಕು.
• ಶೇ. 0.1ರಷ್ಟು ಬೆರೆಸಿದರೆ ಸಿಟ್ರಾಲ್ ಶೇ. 0.075. ಈ ಘಟಕದ ಮಟ್ಟಿಗೆ ಯಾವ ವಾಕ್ಯವೂ ಬೇಕಿಲ್ಲ. ಆದರೆ ಅಷ್ಟು ಕಡಿಮೆ ತೈಲದಿಂದ ಪರಿಮಳವೂ ಬಾರದು.

ತೈಲದ ಇತರ ಘಟಕಗಳಿಗೂ ಇದೇ ರೀತಿ ಪ್ರತ್ಯೇಕ ಲೆಕ್ಕ ಮಾಡತಕ್ಕದ್ದು.

ಆ) ಜಲಚರಗಳಿಗೆ ಹಾನಿ

ಇಲ್ಲಿ ಘಟಕಗಳ ಪ್ರಮಾಣವನ್ನು ಒಟ್ಟುಗೂಡಿಸಲಾಗುತ್ತದೆ. ದೀರ್ಘಕಾಲೀನ ಹಾನಿಯ ವರ್ಗ 2ಕ್ಕೆ ಸೇರಿದ ಘಟಕಗಳ ಮೊತ್ತ ಶೇ. 25 ಅಥವಾ ಹೆಚ್ಚಿದ್ದರೆ ಮಿಶ್ರಣವೂ ವರ್ಗ 2 ಆಗುತ್ತದೆ (ಎಚ್ 411 ವಾಕ್ಯ ಮತ್ತು ಪರಿಸರ ಚಿಹ್ನೆ). ಆ ಮೊತ್ತದ 10 ಪಟ್ಟು ಶೇ. 25ನ್ನು ಮುಟ್ಟಿದರೆ ಮಿಶ್ರಣವು ವರ್ಗ 3 ಆಗುತ್ತದೆ (ಎಚ್ 412 ವಾಕ್ಯ, ಚಿಹ್ನೆ ಇಲ್ಲ). ಅಂದರೆ ಇಡಿಯಾಗಿ ವರ್ಗ 2ಕ್ಕೆ ಸೇರಿದ ಸುಗಂಧ ದ್ರವ್ಯವನ್ನು ಶೇ. 2.5 ಬೆರೆಸಿದೊಡನೆ ಎಚ್ 412 ವಾಕ್ಯ ಕಡ್ಡಾಯವಾಗುತ್ತದೆ. ವರ್ಗ 1ಕ್ಕೆ ಸೇರಿದ ಘಟಕಗಳಿದ್ದರೆ ಲೆಕ್ಕ ಇನ್ನೂ ಬಿಗಿಯಾಗುತ್ತದೆ.

ಲೇಬಲ್ಲಿನಲ್ಲಿ ಇರಬೇಕಾದ ಅಂಶಗಳು

• ಉತ್ಪನ್ನದ ಹೆಸರು ಹಾಗೂ ಅಪಾಯಕ್ಕೆ ಕಾರಣವಾದ ಘಟಕಗಳ ಹೆಸರು
• ಐರೋಪ್ಯ ಒಕ್ಕೂಟದಲ್ಲಿರುವ ಪೂರೈಕೆದಾರರ ಹೆಸರು, ವಿಳಾಸ, ದೂರವಾಣಿ ಸಂಖ್ಯೆ
• ನಿವ್ವಳ ಪ್ರಮಾಣ
• ಅಪಾಯದ ಚಿಹ್ನೆ, ಸಂಕೇತ ಪದ, ಅಪಾಯದ ವಾಕ್ಯಗಳು
• ಮುನ್ನೆಚ್ಚರಿಕೆ ವಾಕ್ಯಗಳು. ಸಾಮಾನ್ಯವಾಗಿ ಆರಕ್ಕಿಂತ ಹೆಚ್ಚಿರಬಾರದು
• ಅಗತ್ಯವಿದ್ದಲ್ಲಿ ವಿಶಿಷ್ಟ ಸೂತ್ರ ಗುರುತು

3 ಲೀಟರ್‌ವರೆಗಿನ ಪ್ಯಾಕಿಂಗ್‌ಗೆ ಲೇಬಲ್ ಸಾಧ್ಯವಾದಷ್ಟೂ 52 × 74 ಮಿ.ಮೀ.ಗಿಂತ ಚಿಕ್ಕದಿರಬಾರದು. ಅಪಾಯದ ಚಿಹ್ನೆ 10 × 10 ಮಿ.ಮೀ.ಗಿಂತ ಕಡಿಮೆ ಇರುವಂತಿಲ್ಲ. ಯಾವ ದೇಶದಲ್ಲಿ ಮಾರಾಟವೋ ಆ ದೇಶದ ಅಧಿಕೃತ ಭಾಷೆಯಲ್ಲಿ ಲೇಬಲ್ ಇರಬೇಕು. ಜರ್ಮನಿಗೆ ಜರ್ಮನ್, ಫ್ರಾನ್ಸಿಗೆ ಫ್ರೆಂಚ್. ಕೇವಲ ಇಂಗ್ಲಿಷ್ ಲೇಬಲ್ ಅಂಟಿಸಿ ಕಳುಹಿಸುವುದು ಸಾಮಾನ್ಯ ಲೋಪಗಳಲ್ಲೊಂದು.

ಇವಲ್ಲದೆ ಬೆಂಕಿಯ ಸುರಕ್ಷತೆಗಾಗಿ ಮೂರು ಐರೋಪ್ಯ ಮಾನಕಗಳಿವೆ: ಬೆಂಕಿ ಸುರಕ್ಷತೆಗೆ ಇಎನ್ 15493, ಮಸಿಯ ಪ್ರಮಾಣಕ್ಕೆ ಇಎನ್ 15426, ಸುರಕ್ಷತಾ ಚಿಹ್ನೆಗಳಿಗೆ ಇಎನ್ 15494. ಉರಿಯುವ ಬತ್ತಿಯ ಮೇಲೆ ಸದಾ ಕಣ್ಣಿಡಿ, ಮಕ್ಕಳು ಮತ್ತು ಸಾಕುಪ್ರಾಣಿಗಳಿಂದ ದೂರವಿಡಿ, ಬೇಗ ಬೆಂಕಿ ಹತ್ತುವ ವಸ್ತುಗಳ ಬಳಿ ಉರಿಸಬೇಡಿ ಎಂಬ ಚಿತ್ರಸೂಚನೆಗಳು ಕೊನೆಯ ಮಾನಕಕ್ಕೆ ಸೇರಿವೆ. ರಾಸಾಯನಿಕ ಲೇಬಲ್ ಮತ್ತು ಬೆಂಕಿಯ ಲೇಬಲ್ ಎರಡೂ ಬೇರೆ ಬೇರೆ. ಒಂದಿದ್ದರೆ ಇನ್ನೊಂದು ಬೇಡವೆಂದಲ್ಲ.

ವಿಷ ಮಾಹಿತಿ ಕೇಂದ್ರಗಳಿಗೆ ಸೂಚನೆ

ಮಗುವೊಂದು ಬತ್ತಿಯ ತುಣುಕನ್ನು ನುಂಗಿದರೆ ಅದರಲ್ಲೇನಿದೆ ಎಂಬುದು ವೈದ್ಯರಿಗೆ ತಕ್ಷಣ ತಿಳಿಯಬೇಕು. ಈ ಉದ್ದೇಶದಿಂದ ಆರೋಗ್ಯ ಅಥವಾ ಭೌತಿಕ ಅಪಾಯಕ್ಕಾಗಿ ವರ್ಗೀಕರಿಸಲ್ಪಟ್ಟ ಮಿಶ್ರಣಗಳ ಸೂತ್ರವನ್ನು ಆಮದುದಾರರು ಮೊದಲೇ ಸಲ್ಲಿಸಬೇಕು. ಗ್ರಾಹಕ ಬಳಕೆಯ ಉತ್ಪನ್ನಗಳಿಗೆ ಈ ಏಕರೂಪ ಪದ್ಧತಿ 2021ರ ಜನವರಿ 1ರಿಂದ ಅನ್ವಯವಾಗಿದೆ. ಹಳೆಯ ಪದ್ಧತಿಯಲ್ಲಿ ಸಲ್ಲಿಸಿದ್ದವರಿಗೆ ನೀಡಿದ್ದ ಕಾಲಾವಕಾಶ 2025ರ ಜನವರಿ 1ಕ್ಕೆ ಮುಗಿದಿದೆ. ಸಲ್ಲಿಕೆಯೊಂದಿಗೆ 16 ಅಕ್ಷರಗಳ ವಿಶಿಷ್ಟ ಸೂತ್ರ ಗುರುತನ್ನು ಸೃಷ್ಟಿಸಿ ಲೇಬಲ್ಲಿನ ಮೇಲೆ ಮುದ್ರಿಸಬೇಕು. ಎಚ್ 317 ಅನ್ವಯವಾಗುವ ಬತ್ತಿಗೆ ಇದು ಕಡ್ಡಾಯ. ಪರಿಸರದ ಅಪಾಯ ಮಾತ್ರವಿದ್ದಲ್ಲಿ ಅಥವಾ ವರ್ಗೀಕರಣವಿಲ್ಲದೆ ಇಯುಎಚ್ 208 ವಾಕ್ಯ ಮಾತ್ರವಿದ್ದಲ್ಲಿ ಕಡ್ಡಾಯವಲ್ಲ.

ಸೂತ್ರ ಬದಲಾದರೆ ಈ ಸಲ್ಲಿಕೆಯನ್ನೂ ನವೀಕರಿಸಬೇಕಾಗಬಹುದು. ಆದಕಾರಣ ಆಮದುದಾರರಿಗೆ ತಿಳಿಸದೆ ತೈಲದ ಪ್ರಮಾಣವನ್ನಾಗಲಿ, ಮೂಲವನ್ನಾಗಲಿ, ಬಣ್ಣವನ್ನಾಗಲಿ ಬದಲಾಯಿಸಕೂಡದು.

ಸುರಕ್ಷತಾ ದತ್ತಾಂಶ ಪತ್ರ

ಇದು 16 ವಿಭಾಗಗಳ ನಿಗದಿತ ದಾಖಲೆ. ಇದರ ಈಗಿನ ಮಾದರಿಯನ್ನು ನಿಯಮ ಸಂಖ್ಯೆ 2020/878 ನಿಗದಿಪಡಿಸಿದ್ದು, 2023ರ ಆರಂಭದಿಂದ ಹಳೆಯ ಮಾದರಿಗೆ ಮಾನ್ಯತೆಯಿಲ್ಲ. ವರ್ಗೀಕರಣ, ಘಟಕಗಳು, ಪ್ರಥಮ ಚಿಕಿತ್ಸೆ, ಬೆಂಕಿ ನಂದಿಸುವ ಕ್ರಮ, ದಾಸ್ತಾನು, ವಿಲೇವಾರಿ, ಸಾಗಾಣಿಕೆ ಮುಂತಾದ ವಿವರಗಳು ಇದರಲ್ಲಿರುತ್ತವೆ. ಬೇರೆಯವರ ತೈಲದ ಪತ್ರವನ್ನು ನಕಲು ಮಾಡಿ ತಮ್ಮ ಹೆಸರು ಹಾಕಿ ಕಳುಹಿಸುವ ಪರಿಪಾಠ ಅಲ್ಲಲ್ಲಿ ಕಂಡುಬರುತ್ತದೆ. ನಿಮ್ಮ ತೈಲದ ಸಿಟ್ರಾಲ್ ಪ್ರಮಾಣ ಬೇರೆಯಾಗಿದ್ದಲ್ಲಿ ಆ ಪತ್ರದ ಆಧಾರದ ಮೇಲೆ ಮುದ್ರಿಸಿದ ಲೇಬಲ್ಲೂ ತಪ್ಪಾಗುತ್ತದೆ. ಅದರ ಹೊಣೆ ಆಮದುದಾರರ ಮೇಲೆ ಬೀಳುತ್ತದೆ. ವ್ಯಾಪಾರ ಸಂಬಂಧವೂ ಅಲ್ಲಿಗೇ ಮುಗಿಯುತ್ತದೆ.

ನಿಷೇಧಿತ ಹಾಗೂ ನಿರ್ಬಂಧಿತ ವಸ್ತುಗಳು

ಸಿದ್ಧ ಸುಗಂಧ ಮಿಶ್ರಣಗಳನ್ನು ಮಾರುಕಟ್ಟೆಯಿಂದ ಕೊಂಡು ಬಳಸುವ ಘಟಕಗಳು ವಿಶೇಷ ಎಚ್ಚರ ವಹಿಸಬೇಕು. ಲಿಲಿಯಲ್ ಎಂಬ ಜನಪ್ರಿಯ ಹೂಪರಿಮಳದ ವಸ್ತುವನ್ನು ಸಂತಾನೋತ್ಪತ್ತಿಗೆ ಹಾನಿಕರವೆಂದು (ವರ್ಗ 1ಬಿ) ವರ್ಗೀಕರಿಸಲಾಗಿದ್ದು, 2022ರ ಮಾರ್ಚ್ 1ರಿಂದ ಈ ವರ್ಗೀಕರಣ ಅನ್ವಯವಾಗಿದೆ. ಶೇ. 0.3 ಅಥವಾ ಅದಕ್ಕಿಂತ ಹೆಚ್ಚು ಲಿಲಿಯಲ್ ಇರುವ ಮಿಶ್ರಣವನ್ನು ಐರೋಪ್ಯ ಒಕ್ಕೂಟದಲ್ಲಿ ಸಾಮಾನ್ಯ ಗ್ರಾಹಕರಿಗೆ ಮಾರುವಂತಿಲ್ಲ. ಹಳೆಯ ದಾಸ್ತಾನಿನ ಸುಗಂಧ ಮಿಶ್ರಣದಲ್ಲಿ ಇದು ಇರಬಹುದಾದ್ದರಿಂದ ಪೂರೈಕೆದಾರರಿಂದ ಘಟಕಗಳ ಲಿಖಿತ ಘೋಷಣೆ ಪಡೆಯುವುದು ಅವಶ್ಯಕ.

ಸೊಳ್ಳೆ ಓಡಿಸುವ ಬತ್ತಿ: ಬೇರೆಯದೇ ಕಾನೂನು

ಸಿಟ್ರೊನೆಲ್ಲಾ ತೈಲದ ಬತ್ತಿಯನ್ನು "ಸುವಾಸಿತ ಬತ್ತಿ" ಎಂದು ಮಾರಿದರೆ ಮೇಲಿನ ನಿಯಮಗಳು ಅನ್ವಯವಾಗುತ್ತವೆ. ಅದೇ ಬತ್ತಿಯ ಮೇಲೆ "ಸೊಳ್ಳೆಗಳನ್ನು ಓಡಿಸುತ್ತದೆ" ಎಂದು ಬರೆದ ಕೂಡಲೇ ಅದು ಐರೋಪ್ಯ ಒಕ್ಕೂಟದಲ್ಲಿ ಜೈವಿನಾಶಕ ಉತ್ಪನ್ನಗಳ ನಿಯಮದ (ಸಂಖ್ಯೆ 528/2012) ವ್ಯಾಪ್ತಿಗೆ, ವಿಕರ್ಷಕಗಳ ವರ್ಗ 19ಕ್ಕೆ ಸೇರುತ್ತದೆ. ಭಾರತದಲ್ಲಿಯೂ ಕೀಟಗಳನ್ನು ನಿಯಂತ್ರಿಸುವುದಾಗಿ ಹೇಳಿಕೊಳ್ಳುವ ಉತ್ಪನ್ನವು 1968ರ ಕೀಟನಾಶಕ ಕಾಯ್ದೆಯ ನೋಂದಣಿ ಪ್ರಶ್ನೆಯನ್ನು ಎತ್ತುತ್ತದೆ. ಒಂದು ಸಾಲಿನ ಜಾಹೀರಾತು ಉತ್ಪನ್ನದ ಕಾನೂನನ್ನೇ ಬದಲಾಯಿಸುತ್ತದೆ. ನೋಂದಣಿಯಿಲ್ಲದೆ ಇಂತಹ ಮಾತನ್ನು ಲೇಬಲ್, ಕರಪತ್ರ ಅಥವಾ ಅಂತರಜಾಲದಲ್ಲಿ ಬಳಸಬಾರದು.

ಬೆಳೆಗಾರರ ಹಂತದಲ್ಲಿ ಕೈಗೊಳ್ಳಬೇಕಾದ ಕ್ರಮಗಳು

ಲೇಬಲ್ಲಿನ ನಿಖರತೆ ಹೊಲದಿಂದಲೇ ಆರಂಭವಾಗುತ್ತದೆ. ತಳಿ, ಕೊಯ್ಲಿನ ಹಂತ, ಹವಾಮಾನ ಮತ್ತು ಬಟ್ಟಿ ಇಳಿಸುವ ಅವಧಿಗೆ ಅನುಗುಣವಾಗಿ ತೈಲದ ಘಟಕಗಳು ವ್ಯತ್ಯಾಸಗೊಳ್ಳುತ್ತವೆ.

1. ತಳಿಯ ಶುದ್ಧತೆ ಕಾಪಾಡಿ. ಮಜ್ಜಿಗೆಹುಲ್ಲಿನಲ್ಲಿ ಸುಗಂಧಿ (ಒಡಿ-19), ಕೃಷ್ಣ, ಪ್ರಗತಿ ಮುಂತಾದ ತಳಿಗಳಿವೆ. ಬೇರೆ ಬೇರೆ ತಳಿಗಳ ಹುಲ್ಲನ್ನು ಬೆರೆಸಿ ಬಟ್ಟಿ ಇಳಿಸಬೇಡಿ.
2. ಪ್ರತಿ ಬಟ್ಟಿಗೂ ತಂಡದ ಸಂಖ್ಯೆ ನೀಡಿ. ತಾಕು, ತಳಿ, ಕೊಯ್ಲಿನ ದಿನಾಂಕ, ಬಟ್ಟಿಯ ಅವಧಿ, ತೈಲದ ತೂಕ ಇವುಗಳನ್ನು ಪುಸ್ತಕದಲ್ಲಿ ಬರೆದಿಡಿ.
3. ಪ್ರತಿ ತಂಡದ ಮಾದರಿಯನ್ನು ಗ್ಯಾಸ್ ಕ್ರೊಮ್ಯಾಟೋಗ್ರಫಿ ಪರೀಕ್ಷೆಗೆ ಒಳಪಡಿಸಿ. ಖರ್ಚು ತಗ್ಗಿಸಲು ಸಂಘದ ಸದಸ್ಯರು ಒಂದೇ ತಳಿಯ, ಒಂದೇ ಕೊಯ್ಲಿನ ತೈಲವನ್ನು ಒಟ್ಟುಗೂಡಿಸಿ ಏಕರೂಪವಾಗಿ ಬೆರೆಸಿದ ನಂತರ ಮಾದರಿ ತೆಗೆಯಬಹುದು.
4. ತೈಲದ ಜ್ವಲನ ಬಿಂದುವನ್ನು ಪರೀಕ್ಷಿಸಿಕೊಳ್ಳಿ. ಇದು 60 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ತೈಲವು ಸಾಗಾಣಿಕೆಯಲ್ಲಿ ಅಪಾಯಕಾರಿ ಸರಕಾಗುತ್ತದೆ. ಪ್ಯಾಕಿಂಗ್ ಮತ್ತು ಸಾಗಣೆ ವೆಚ್ಚ ಬದಲಾಗುತ್ತದೆ.
5. ತೈಲದಲ್ಲಿನ ನೀರಿನಂಶವನ್ನು ಬೇರ್ಪಡಿಸಿ, ಉಳಿದ ತೇವವನ್ನು ಜಲರಹಿತ ಸೋಡಿಯಂ ಸಲ್ಫೇಟ್ ಬಳಸಿ ತೆಗೆದು ಸೋಸಿ. ಅಲ್ಯೂಮಿನಿಯಂ, ಸ್ಟೇನ್‌ಲೆಸ್ ಸ್ಟೀಲ್ ಅಥವಾ ಕಂದು ಗಾಜಿನ ಪಾತ್ರೆಯಲ್ಲಿ ಬಾಯಿಯವರೆಗೆ ತುಂಬಿ, ತಂಪಾದ ಕತ್ತಲೆ ಜಾಗದಲ್ಲಿಡಿ. ಗಾಳಿಯ ಸಂಪರ್ಕದಿಂದ ಲಿಮೊನೀನ್ ಮತ್ತು ಲಿನಲೂಲ್ ಉತ್ಕರ್ಷಣಗೊಂಡು ಮೂಲ ವಸ್ತುವಿಗಿಂತ ಪ್ರಬಲವಾದ ಅಲರ್ಜಿಕಾರಕಗಳಾಗುತ್ತವೆ. ಅರೆತುಂಬಿದ ಹಳೆಯ ಡಬ್ಬಿಯ ತೈಲವನ್ನು ಹೊಸ ತೈಲಕ್ಕೆ ಬೆರೆಸಬೇಡಿ.
6. ಜೇನುಮೇಣವು ಕೊಬ್ಬಿನಲ್ಲಿ ಕರಗುವ ಔಷಧಗಳನ್ನು ಹೀರಿಟ್ಟುಕೊಳ್ಳುತ್ತದೆ. ಪೆಟ್ಟಿಗೆಗಳಲ್ಲಿ ನುಸಿ ನಿಯಂತ್ರಣಕ್ಕೆ ಬಳಸಿದ ಔಷಧಗಳ ದಾಖಲೆ ಇಡಿ. ಹಸಿ ಎರಿಗಳನ್ನು ಕಳುಹಿಸದೆ ಕರಗಿಸಿ ಶುದ್ಧೀಕರಿಸಿದ ಮೇಣವನ್ನೇ ಪೂರೈಸಿ.

ತಯಾರಿಕಾ ಘಟಕದಲ್ಲಿ ಸುರಕ್ಷತೆ

ಗ್ರಾಹಕನ ಕೈಗೆ ಶೇ. 8ರ ಮಿಶ್ರಣ ತಲುಪಿದರೆ, ತಯಾರಿಸುವ ಮಹಿಳೆಯ ಕೈಗೆ ದಿನವಿಡೀ ಶೇ. 100ರ ತೈಲ ತಾಗುತ್ತದೆ. ಚರ್ಮದ ಅಲರ್ಜಿ ಒಮ್ಮೆ ಅಂಟಿಕೊಂಡರೆ ಅದು ಸಾಮಾನ್ಯವಾಗಿ ಜೀವನಪರ್ಯಂತ ಉಳಿಯುತ್ತದೆ. ನಂತರ ಅತ್ಯಲ್ಪ ಪ್ರಮಾಣವೂ ತುರಿಕೆ, ಗುಳ್ಳೆ ಎಬ್ಬಿಸಬಲ್ಲದು. ಹಾಗಾಗಿ:

• ತೈಲ ಅಳೆಯುವಾಗ ನೈಟ್ರೈಲ್ ಕೈಗವಸು ಮತ್ತು ಕಣ್ಣಿನ ರಕ್ಷಕ ಧರಿಸಬೇಕು. ತೈಲ ತಾಗಿದ ಕೈಗವಸನ್ನು ಕೂಡಲೇ ಬದಲಾಯಿಸಬೇಕು.
• ಕೊಠಡಿಯಲ್ಲಿ ಗಾಳಿಯಾಟ ಚೆನ್ನಾಗಿರಬೇಕು.
• ಮೇಣವನ್ನು ನೇರ ಉರಿಯ ಮೇಲಿಡದೆ ನೀರಿನ ಪಾತ್ರೆಯೊಳಗಿಟ್ಟು ಕರಗಿಸಬೇಕು. ಜೇನುಮೇಣ ಸುಮಾರು 62ರಿಂದ 65 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಅತಿಯಾಗಿ ಕಾಯಿಸುವ ಅಗತ್ಯವಿಲ್ಲ.
• ಒಲೆ ಆರಿಸಿದ ನಂತರವೇ ತೈಲ ಬೆರೆಸಬೇಕು.
• ಮೇಣಕ್ಕೆ ಬೆಂಕಿ ಹತ್ತಿದರೆ ನೀರು ಸುರಿಯಲೇಬಾರದು. ಉರಿಯುವ ಮೇಣ ಸಿಡಿದು ಹರಡುತ್ತದೆ. ಮುಚ್ಚಳ ಮುಚ್ಚಬೇಕು ಅಥವಾ ಒಣಪುಡಿಯ ಅಗ್ನಿಶಾಮಕ ಬಳಸಬೇಕು.
• ಉಳಿದ ತೈಲ, ತೊಳೆದ ನೀರು ಮತ್ತು ಮೇಣವನ್ನು ಚರಂಡಿ, ಹಳ್ಳ, ಕೆರೆಗೆ ಬಿಡಬಾರದು. ಎಚ್ 411 ಹಾಗೂ ಎಚ್ 412 ವಾಕ್ಯಗಳು ಹೇಳುವ ಜಲಚರಗಳು ನಮ್ಮೂರ ಕೆರೆಯಲ್ಲೂ ಇವೆ.
• ಕೈಯಲ್ಲಿ ತುರಿಕೆ, ಕೆಂಪು ಕಾಣಿಸಿಕೊಂಡ ಸದಸ್ಯರಿಗೆ ತೈಲದ ಸಂಪರ್ಕವಿಲ್ಲದ ಕೆಲಸ ನೀಡಿ, ವೈದ್ಯರಲ್ಲಿ ತೋರಿಸಬೇಕು.

ಇತರ ಮಾರುಕಟ್ಟೆಗಳು

ಬ್ರಿಟನ್ 2021ರ ಜನವರಿ 1ರಿಂದ ತನ್ನದೇ ಸಿಎಲ್‌ಪಿ ಮತ್ತು ರೀಚ್ ನಿಯಮಗಳನ್ನು ಅನುಸರಿಸುತ್ತಿದೆ. ಉತ್ತರ ಐರ್ಲೆಂಡಿಗೆ ಮಾತ್ರ ಐರೋಪ್ಯ ನಿಯಮ ಅನ್ವಯ. ಅಮೆರಿಕದಲ್ಲಿ ಲೋಹದ ಎಳೆಯುಳ್ಳ ಬತ್ತಿಯ ಲೋಹದಲ್ಲಿ ತೂಕದ ಶೇ. 0.06ಕ್ಕಿಂತ ಹೆಚ್ಚು ಸೀಸವಿರುವುದನ್ನು 2003ರಿಂದ ನಿಷೇಧಿಸಲಾಗಿದೆ. ಹತ್ತಿಯ ಬತ್ತಿ ಬಳಸಿದರೆ ಈ ತೊಡಕಿಲ್ಲ. ಭಾರತದಲ್ಲಿ ಪೊಟ್ಟಣ ಕಟ್ಟಿ ಮಾರುವವರು 2011ರ ಕಾನೂನು ಮಾಪನ (ಪ್ಯಾಕ್ ಮಾಡಿದ ಸರಕುಗಳು) ನಿಯಮಗಳಂತೆ ತಯಾರಕರ ವಿಳಾಸ, ನಿವ್ವಳ ಪ್ರಮಾಣ, ತಯಾರಿಕೆಯ ತಿಂಗಳು ಮತ್ತು ವರ್ಷ, ಗರಿಷ್ಠ ಮಾರಾಟ ಬೆಲೆ ಹಾಗೂ ಗ್ರಾಹಕ ಸಂಪರ್ಕ ವಿವರ ನಮೂದಿಸಬೇಕು.

ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆ

ಸಂಘವೊಂದು ರಫ್ತಿಗೆ ಮುಂದಾದಾಗ ಈ ಕ್ರಮವನ್ನು ಅನುಸರಿಸಲು ಮಾರ್ಗದರ್ಶನ ನೀಡಿ: ಮೊದಲು ತೈಲದ ವಿಶ್ಲೇಷಣೆ, ಅನಂತರ ಸೂತ್ರ ನಿಗದಿ, ಅದರ ಮೇಲೆ ವರ್ಗೀಕರಣ, ಆಮೇಲೆ ದತ್ತಾಂಶ ಪತ್ರ, ಆಮದುದಾರರಿಂದ ವಿಷ ಮಾಹಿತಿ ಕೇಂದ್ರಕ್ಕೆ ಸಲ್ಲಿಕೆ, ಕೊನೆಗೆ ಲೇಬಲ್ ಮುದ್ರಣ. ಲೇಬಲ್ ಮೊದಲು ಮುದ್ರಿಸಿ ಸೂತ್ರವನ್ನು ಆಮೇಲೆ ಬದಲಾಯಿಸಿದರೆ ಮುದ್ರಣದ ಹಣವೂ ಸರಕೂ ವ್ಯರ್ಥ.

ಸಿಎಲ್‌ಪಿ ನಿಯಮಕ್ಕೆ 2024ರಲ್ಲಿ ವ್ಯಾಪಕ ತಿದ್ದುಪಡಿಯಾಗಿದ್ದು (ಸಂಖ್ಯೆ 2024/2865), ಅಕ್ಷರದ ಗಾತ್ರ ಹಾಗೂ ಅಂತರಜಾಲ ಮಾರಾಟದ ವಿಷಯಗಳೂ ಅದರಲ್ಲಿ ಸೇರಿವೆ. ತಿದ್ದುಪಡಿಗಳ ಅನ್ವಯ ದಿನಾಂಕಗಳು ಬದಲಾಗುವ ಸಂಭವವಿರುವುದರಿಂದ ಪ್ರತಿ ಸರಕು ಕಳುಹಿಸುವ ಮುನ್ನ ಚಾಲ್ತಿಯಲ್ಲಿರುವ ನಿಯಮವನ್ನು ಆಮದುದಾರರಿಂದ ಲಿಖಿತವಾಗಿ ಖಚಿತಪಡಿಸಿಕೊಳ್ಳುವುದು ಸೂಕ್ತ. ಸುಗಂಧ ಬೆಳೆಗಳ ತಳಿ, ಬಟ್ಟಿ ಇಳಿಸುವಿಕೆ ಹಾಗೂ ತೈಲದ ಪರೀಕ್ಷೆಗೆ ಸಂಬಂಧಿಸಿದ ಮಾಹಿತಿಗಾಗಿ ರೈತ ಬಾಂಧವರು ಸಮೀಪದ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.